ಭಂಡಾರ ಮುಟ್ಟದ ಕಂಪನಿ

ಹಗರಿಬೊಮ್ಮನಹಳ್ಳಿಯ ಬಸ್ ಡಿಪೋದಲ್ಲಿ ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಈಗಲೂ ‘ಕರಿಸಿದ್ದಪ್ಪನ ಸಂಚಿ ತರಿಸ್ಬೇಕೇನಲೇ?’ ಎಂದು ಗದರಿಸುತ್ತಾರಂತೆ. ಕರಿಸಿದ್ದಪ್ಪ ಡ್ರೈವರ್ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾಯಿತು. ಅವನು ಓಡಿಸುತ್ತಿದ್ದ ಬಸ್ಸೂ ಗುಜರಿ ಸೇರಿತು. ಸಂಚಿಯ ಮಾತು ಮಾತ್ರ ಡಿಪೋ ಬಿಟ್ಟು ಕದಲಿಲ್ಲ.

ಸಂಚಿ ಅಂದರೆ ಅಂಗೈಯಗಲದ ಕೆಂಪು ಬಟ್ಟೆಯ ಚೀಲ, ಅದರೊಳಗೆ ಭಂಡಾರ. ಮೈಲಾರಲಿಂಗನ ಸನ್ನಿಧಿಗೆ ಮುಟ್ಟಿಸಿ ತಂದ ಅರಿಶಿನಪುಡಿಗೆ ನಮ್ಮ ಸೀಮೆಯಲ್ಲಿ ಭಂಡಾರ ಅನ್ನುತ್ತಾರೆ. ಅದನ್ನು ಮುಟ್ಟಿ ಆಡಿದ ಮಾತು ಆಣೆ. ಮುಟ್ಟಿ ತಪ್ಪಿದವನ ಮನೆಯಲ್ಲಿ ದೀಪ ಉರಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಈಗಿನವರು ಹಾಗೆ ಹೇಳುವುದಿಲ್ಲ, ಆದರೆ ಮುಟ್ಟುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಕರಿಸಿದ್ದಪ್ಪನದು ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಅಣ್ಣತಮ್ಮಂದಿರು ಕುರಿಯ ಹಿಂದೆ ಹೋದರು, ಇವನೊಬ್ಬ ಸ್ಟೇರಿಂಗ್ ಹಿಡಿದ. ಕುರಿ ಬಿಟ್ಟರೂ ಭಂಡಾರ ಬಿಡಲಿಲ್ಲ. ಬಸ್ಸಿನ ಮುಂಗಾಜಿನ ಕೆಳಗೆ ಊದಿನಕಡ್ಡಿಯ ಪಕ್ಕದಲ್ಲಿ ಆ ಸಂಚಿ ಯಾವಾಗಲೂ ಇರುತ್ತಿತ್ತು.

ಒಮ್ಮೆ ಹೊಳಲಿನಿಂದ ಬರುವಾಗ ಇಬ್ಬರು ಹೆಂಗಸರು ಒಂದು ಹುಂಜಕ್ಕಾಗಿ ಜುಟ್ಟು ಹಿಡಿಯುವ ಮಟ್ಟಕ್ಕೆ ಬಂದರು. ನನ್ನದು ಅಂತ ಇವಳು, ನನ್ನದು ಅಂತ ಅವಳು. ಕಂಡಕ್ಟರು ಗಂಟಲು ಹರಿದುಕೊಂಡು ಸೋತ ಮೇಲೆ ಕರಿಸಿದ್ದಪ್ಪ ಬಸ್ಸನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಎಂಜಿನ್ ಆರಿಸಿ, ಸಂಚಿ ಬಿಚ್ಚಿ, ‘ಮುಟ್ಟಿ ಹೇಳ್ರವ್ವ’ ಅಂತ ಚಾಚಿದ. ಒಬ್ಬಳು ಮುಟ್ಟಿದಳು. ಇನ್ನೊಬ್ಬಳು ‘ನನ್ನ ಹುಂಜದ ಪುಕ್ಕ ಸ್ವಲ್ಪ ಕರ್ರಗಿತ್ತು, ಯಾಕೋ ಅನುಮಾನ’ ಎಂದು ಕಿಟಕಿಯ ಕಡೆ ತಿರುಗಿ ಕೂತಳು. ಬಸ್ಸಿಗೆ ಬಸ್ಸೇ ನಕ್ಕಿತು. ಪೊಲೀಸು, ಪಂಚಾಯ್ತಿ ಯಾವುದೂ ಬೇಕಾಗಲಿಲ್ಲ. ಇಂಥ ಗೆಲುವುಗಳನ್ನು ಕಂಡು ಕಂಡು, ಜಗತ್ತಿನ ಎಲ್ಲ ವ್ಯಾಜ್ಯಕ್ಕೂ ಒಂದು ಚಿಟಿಕೆ ಅರಿಶಿನ ಸಾಕು ಎಂದು ನಂಬಿದ್ದು ಕರಿಸಿದ್ದಪ್ಪನ ತಪ್ಪೇ? ತಪ್ಪಾದರೆ ಅದು ನಮ್ಮ ಸೀಮೆಯವರೆಲ್ಲರ ತಪ್ಪು.

ನಿವೃತ್ತಿಯಾದ ಮೇಲೆ ಅವನೂ ಹೆಂಡತಿ ಸುಂಕಮ್ಮನೂ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಬಡಾವಣೆಗೆ ಕಮಾನು, ಕಮಾನಿಗೆ ಗೇಟು, ಗೇಟಿಗೆ ನೀಲಿ ಅಂಗಿಯ ಕಾವಲುಗಾರ. ಸೈಟು ಮಾರಿದವನು ಮಾರಿ ಮುಗಿಸಿ, ಉಸ್ತುವಾರಿಯನ್ನು ‘ನೆರಳು’ ಎಂಬ ನಿರ್ವಹಣಾ ಕಂಪನಿಗೆ ಒಪ್ಪಿಸಿ ಹೋಗಿದ್ದ. ಬೀದಿದೀಪ ನೆರಳಿನದು, ಕಸ ನೆರಳಿನದು, ಕೊಳವೆಬಾವಿ ನೆರಳಿನದು. ನೀರು ಬಿಡುವ ವಾಲ್ವಿನ ಕೀಲಿಯೂ ನೆರಳಿನ ಜೇಬಿನಲ್ಲಿ. ಬಡಾವಣೆ ಇನ್ನೂ ಊರಾಡಳಿತಕ್ಕೆ ಹಸ್ತಾಂತರವಾಗಿರಲಿಲ್ಲವಾದ್ದರಿಂದ ಊರಿನ ಕೊಳಾಯಿ ಗೇಟಿನಾಚೆಗೇ ನಿಂತಿತ್ತು. ಕಂಪನಿ ನೀರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎದುರುಮನೆಯ ಕೊಟ್ರಸ್ವಾಮಿ, ಸಂತೆಬೀದಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಬಾಯಿ ಸ್ವಲ್ಪ ಜೋರು. ‘ಸ್ವಂತ ಮನಿ ಕಟ್ಟಿಸಿ ಬಾಡಿಗಿ ಮನ್ಯಾಗ ಇದ್ದಂಗಾತು’ ಎಂದು ಆಗಲೇ ಹೇಳಿದ್ದ.

ಮೊದಲ ಬೇಸಿಗೆಗೇ ಕೊಳವೆಬಾವಿ ಸೊರಗಿತು. ಮನೆಯವರೆಲ್ಲ ಸೇರಿ ಸಂಘ ಕಟ್ಟಿದರು. ಮಾತಿಗೆ ತಪ್ಪದವನು ಅಂತ ಕರಿಸಿದ್ದಪ್ಪನನ್ನೇ ಅಧ್ಯಕ್ಷನನ್ನಾಗಿ ಕೂಡಿಸಿದರು. ಕಂಪನಿಯನ್ನು ಓಡಿಸಬೇಕು, ದೊಡ್ಡ ಕಚೇರಿಗೆ ದೂರು ಕೊಡಬೇಕು ಎಂದು ಎಲ್ಲರೂ ಹಾರಾಡುತ್ತಿರುವಾಗ ಕಂಪನಿಯ ಮ್ಯಾನೇಜರ್ ಅರುಣಕುಮಾರ್ ಬಂದ. ಕೊಟ್ಟೂರಿನ ಹುಡುಗ, ಮೃದು ಮಾತಿನವನು. ಹೊಸ ಬಾವಿ ಕೊರೆಸುತ್ತೇವೆ, ನೀರು ನಿಲ್ಲಿಸುವುದಿಲ್ಲ, ಆದರೆ ನೀವು ಕಂಪನಿಯ ಮೇಲೆ ಕಚೇರಿ ಹತ್ತಬೇಡಿ ಎಂದು ಕೇಳಿಕೊಂಡ. ಕೊಟ್ರಸ್ವಾಮಿ ಬಾಂಡ್ ಪೇಪರಿನಲ್ಲಿ ಬರೆಸೋಣ ಅಂದ. ಕರಿಸಿದ್ದಪ್ಪನಿಗೆ ನಗು ಬಂತು. ಕಾಗದ ನೆನೆದರೆ ಹೋಯಿತು, ಇಲಿ ಕಡಿದರೆ ಹೋಯಿತು. ಮನೆಯಿಂದ ಸಂಚಿ ತರಿಸಿದ.

ಬಡಾವಣೆಯ ಪಾರ್ಕು ಎಂದು ಕರೆಯುವ ಬಯಲಿನಲ್ಲಿ ಒಂದೇ ಒಂದು ಬೇವಿನ ಮರವಿದೆ. ಅದರ ಕೆಳಗೆ ಎಲ್ಲರೂ ನಿಂತರು. ಅರುಣಕುಮಾರ್ ಭಂಡಾರ ಮುಟ್ಟಿ, ಕಂಪನಿಯ ಪರವಾಗಿ, ಈ ಬಡಾವಣೆಗೆ ನೀರು ನಿಲ್ಲುವುದಿಲ್ಲ ಅಂದ. ಕರಿಸಿದ್ದಪ್ಪ ಮುಟ್ಟಿದ.

‘ನಿಮ್ಮ ಕಂಪನಿ ಮ್ಯಾಲ ಯಾವ ಕಚೇರ್‍ಯಾಗೂ ನಾವು ಬಾಯಿ ಬಿಡಂಗಿಲ್ಲ. ಇದು ನನ್ನೊಬ್ಬನ ಮಾತಲ್ಲ, ಇಡೀ ಬಡಾವಣಿ ಮಾತು. ಮೈಲಾರಲಿಂಗನ ಆಣಿ.’

ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಹಣೆಗೆ ಹಚ್ಚಿಕೊಂಡರು. ನಮಗೆ ವಿಭೂತಿ ಸಾಕು ಎಂದು ಯಾವಾಗಲೂ ಚೇಷ್ಟೆ ಮಾಡುವ ಕೊಟ್ರಸ್ವಾಮಿಯೂ ವಿಭೂತಿಯ ಪಟ್ಟೆಯ ನಡುವೆ ಒಂದು ಹಳದಿ ಬೊಟ್ಟು ಇಟ್ಟುಕೊಂಡ. ಯಾರೋ ಬೆಲ್ಲ ಹಂಚಿದರು.

ನೋಡಿ, ‘ನೀವು ನೀರು ಕೊಡೋ ತನಕ’ ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ‘ತನಕ’ ಅನ್ನುವ ಮೂರಕ್ಷರ! ಬಸ್ಸಿಗೆ ಹತ್ತುವವರನ್ನೆಲ್ಲ ಕಂಡಕ್ಟರು ಎಲ್ಲಿ ತನಕ, ಎಲ್ಲಿ ತನಕ ಎಂದು ಕೇಳುವುದನ್ನೇ ಜೀವಮಾನವೆಲ್ಲ ಕೇಳಿಸಿಕೊಂಡವನಿಗೆ ಅವತ್ತು ಆ ಮಾತು ನೆನಪಾಗಲಿಲ್ಲ. ಎರಡು ಕಡೆಯವರೂ ಮುಟ್ಟಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡ.

ಅರುಣಕುಮಾರ್ ಇರುವವರೆಗೆ ಮಾತು ನಡೆಯಿತು. ಹೊಸ ಬಾವಿಗೆ ಒಳ್ಳೆಯ ನೀರು ಬಿತ್ತು. ಸುಂಕಮ್ಮ ಅಂಗಳದಲ್ಲಿ ಕರಿಬೇವು, ಮಲ್ಲಿಗೆ ಹಚ್ಚಿದಳು. ಆಮೇಲೊಂದು ದಿನ ಕಂಪನಿಯನ್ನು ಬೇರೆ ಕಂಪನಿ ಕೊಂಡಿತಂತೆ. ಬೋರ್ಡಿನ ಮೇಲೆ ನೆರಳು ಎಂಬ ಹೆಸರು ಹಾಗೇ ಉಳಿಯಿತು, ನೆರಳಿನಡಿ ನಿಂತವರು ಬದಲಾದರು. ಅರುಣಕುಮಾರ್‌ನನ್ನು ಕೆಲಸದಿಂದ ಬಿಡಿಸಿದರು. ಅವನ ಜಾಗಕ್ಕೆ ಕ್ರಾಂತಿ ಎಂಬವನು ಬಂದ. ಅಪ್ಪ ಹೋರಾಟದ ಹುರುಪಿನಲ್ಲಿ ಇಟ್ಟ ಹೆಸರಿರಬೇಕು. ಹೆಸರು ಕ್ರಾಂತಿ, ಮುಖವೆಲ್ಲ ಶಾಂತಿ. ಬೈದರೂ ನಗುತ್ತಾನೆ, ಅತ್ತರೂ ನಗುತ್ತಾನೆ, ಕೈಯಲ್ಲಿ ಮೊಬೈಲು.

ಅವನು ಬಂದ ಮೇಲೆ ನಲ್ಲಿ ಮುನಿಸಿಕೊಂಡಿತು. ಬಾವಿ ಬತ್ತಿರಲಿಲ್ಲ, ಅದೇ ಹೊಟ್ಟೆ ಉರಿಯುವ ಸಂಗತಿ. ಬಾವಿಯ ನೀರು ಟ್ಯಾಂಕರ್ ತುಂಬಿಕೊಂಡು, ಕಾವಲುಗಾರನಿಂದ ಸಲಾಮು ಹೊಡೆಸಿಕೊಂಡು ಗೇಟು ದಾಟಿ ಹೋಗುತ್ತಿತ್ತು. ಅದೇ ಕಂಪನಿ ನೋಡಿಕೊಳ್ಳುವ ಕಲ್ಯಾಣಮಂಟಪವೊಂದು ಗೇಟಿನಾಚೆಯ ರಸ್ತೆಯಲ್ಲೇ ಇದೆ. ಅಲ್ಲಿ ಮದುವೆಯಾದ ದಿನ ಇಲ್ಲಿ ಮನೆಮನೆಯಲ್ಲಿ ಕೊಡ ಖಾಲಿ. ಮೊಣಕಾಲು ನೋವಿನ ಸುಂಕಮ್ಮ ಗೇಟಿನಾಚೆಯ ಕೈಪಂಪಿನಿಂದ ಕೊಡ ಹೊತ್ತು ತರುವಾಗ ದಾರಿಯಲ್ಲಿ ಎರಡು ಕಡೆ ಇಳಿಸಿ ಕೂರುತ್ತಿದ್ದಳು. ಕರಿಸಿದ್ದಪ್ಪ ಕೊಡ ಕಸಿದುಕೊಳ್ಳಲು ಹೋದರೆ, ಅಧ್ಯಕ್ಷರು ನೀರು ಹೊತ್ತರೆ ಮಂದಿ ನಗುತ್ತಾರೆ ಎಂದು ಕೊಡುತ್ತಿರಲಿಲ್ಲ. ಮಲ್ಲಿಗೆ ಒಣಗಿತು.

ಕರಿಸಿದ್ದಪ್ಪ ಸಂಚಿ ಹಿಡಿದು ಕಂಪನಿಯ ಕೋಣೆಗೆ ಹೋದ. ಹೀಗೀಗೆ, ನಿಮ್ಮ ಕಂಪನಿ ಭಂಡಾರ ಮುಟ್ಟಿ ಮಾತು ಕೊಟ್ಟಿದೆ ಎಂದು ನಡೆದದ್ದನ್ನೆಲ್ಲ ಹೇಳಿದ. ಕ್ರಾಂತಿ ಗೌರವದಿಂದ ಕೇಳಿಸಿಕೊಂಡ. ಹಳೆಯ ಮ್ಯಾನೇಜರ್ ಆಡಿದ ಮಾತಿಗೂ ಈಗಿನ ಕಂಪನಿಗೂ ಸಂಬಂಧವಿಲ್ಲ, ಅದೆಲ್ಲ ಅಲ್ಲಿಗೇ ಕೈ ತೊಳೆದುಕೊಂಡ ವಿಚಾರ ಅಂದ. ಹಾಗಾದರೆ ನೀನು ಈಗ ಮುಟ್ಟು ಎಂದು ಕರಿಸಿದ್ದಪ್ಪ ಸಂಚಿ ಬಿಚ್ಚಿ ಚಾಚಿದ. ಹುಂಜದ ಜಗಳದಲ್ಲಿ ಚಾಚಿದ ಹಾಗೇ.

‘ಯಜಮಾನ್ರ, ಕಂಪನಿ ಪರವಾಗಿ ದೇವರ ಮುಂದ ನಿಲ್ಲಾಕ ನನಗ ಅಧಿಕಾರ ಇಲ್ರಿ. ಮ್ಯಾಲಿನೋರನ್ನ ಕೇಳ್ಬೇಕು. ಮೇಲ್ ಹಾಕ್ತೀನಿ.’

ಕುಹಕವೇ ಆಗಿದ್ದರೆ ಕರಿಸಿದ್ದಪ್ಪ ತಡೆದುಕೊಳ್ಳುತ್ತಿದ್ದ. ಕ್ರಾಂತಿಯ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಕೇಳುವವನ ಹಾಗಿದ್ದ. ಮೇಲಿನವರು ಯಾರು ಅಂದರೆ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸುಳ್ಳು ಹೇಳುವವನು ಸಂಚಿ ಕಂಡು ಹಿಂಜರಿಯುವುದನ್ನು ಕರಿಸಿದ್ದಪ್ಪ ಕಂಡಿದ್ದ. ಹಿಂಜರಿಯಲು ಮೈಯೇ ಇಲ್ಲದ್ದನ್ನು ಕಂಡಿದ್ದು ಅದೇ ಮೊದಲು. ಸಂಚಿಯ ದಾರ ಬಿಗಿದು ಹೊರಗೆ ಬಂದ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಇಂಥ ಕಂಪನಿಗಳಿಗೆ ಮೂಗುದಾರ ಹಾಕಬೇಕೆಂದು ಮೇಲಿನಿಂದ ಆದೇಶವಾಗಿದೆ, ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದು ಬಡಾವಣೆಯಲ್ಲೇ ವಿಚಾರಣೆ ನಡೆಸುತ್ತಾರೆ, ದೂರು ನಿಜವಾದರೆ ಕಂಪನಿಯನ್ನು ತೆಗೆದು ಬಾವಿ, ಕೀಲಿ ಎರಡನ್ನೂ ಸಂಘಕ್ಕೆ ಕೊಡಿಸುತ್ತಾರೆ. ಬಡಾವಣೆಗೆ ಜೀವ ಬಂತು. ಕರಿಸಿದ್ದಪ್ಪನ ಜೀವ ಬಾಯಿಗೆ ಬಂತು. ಅಧಿಕಾರಿಯ ಮುಂದೆ ಮಾತಾಡಬೇಕಾದವನು ಅವನೇ, ಮಾತಾಡುವುದಿಲ್ಲ ಎಂದು ಆಣೆ ಇಟ್ಟವನೂ ಅವನೇ.

ಅವರು ತಪ್ಪಿದ ಮೇಲೆ ನಿನ್ನ ಆಣೆಗೇನು ಬೆಲೆ, ತಕ್ಕಡಿಯ ಒಂದು ಕಡೆ ತೆಗೆದರೆ ಇನ್ನೊಂದು ಕಡೆ ನಿಲ್ಲುತ್ತದೆಯೇ ಎಂದು ಕೊಟ್ರಸ್ವಾಮಿ ವಾದಿಸಿದ.

‘ಆಣಿ ಅಂದ್ರ ಗೊಬ್ಬರದ ವ್ಯಾಪಾರ ಅಲ್ಲಪ್ಪ. ಅವನ ಆಣಿ ಅವನ ಕೊರಳಿಗೆ, ನನ್ನ ಆಣಿ ನನ್ನ ಕೊರಳಿಗೆ’ ಅಂದ ಕರಿಸಿದ್ದಪ್ಪ.

ಹಾಗೆ ಅಂದನಾದರೂ ಒಂದು ದಾರಿ ಅವನಿಗೆ ಗೊತ್ತಿತ್ತು. ಆಣೆಯನ್ನು ಯಾರಿಗೆ ಕೊಟ್ಟೆವೋ ಅವರೇ ಮನಸಾರೆ ಬಿಟ್ಟೆ ಅಂದರೆ ಬಿಡುಗಡೆ ಉಂಟು. ಮಾತು ಕೊಟ್ಟವನ ಕೈಗೆ ಭಂಡಾರ ಕೊಟ್ಟು, ‘ನಿನ್ನ ಮಾತು ನಿನಗೆ ತಿರುಗಿ ಕೊಟ್ಟೆ’ ಅನ್ನಬೇಕು. ಕ್ರಾಂತಿ ಭಂಡಾರ ಮುಟ್ಟಲೊಲ್ಲ, ಅವತ್ತು ಮುಟ್ಟಿದ ಅರುಣಕುಮಾರ್ ಬಿಟ್ಟಾನು ಎಂದು ಸಂಚಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದ. ಹಳೆಯ ಡ್ರೈವರ್ ಎಂದು ಕಂಡಕ್ಟರು ಮುಂದಿನ ಸೀಟು ಕೊಟ್ಟು ‘ಎಲ್ಲಿ ತನಕರಿ?’ ಎಂದು ಕೇಳಿದಾಗ ಅವನಿಗೆ ಅವತ್ತು ಮರೆತ ಮಾತು ನೆನಪಾಯಿತು.

ಅರುಣಕುಮಾರ್ ಕೊಟ್ಟೂರಿನಲ್ಲಿ ಮೊಬೈಲು ರಿಪೇರಿಯ ಅಂಗಡಿ ಇಟ್ಟಿದ್ದ. ಹಿಂದೆಯೇ ಮನೆ. ಕರಿಸಿದ್ದಪ್ಪನನ್ನು ಕಂಡವನೇ ಬಿಳಿಚಿಕೊಂಡ. ಒಳಗಿನಿಂದ ಅವನ ಹೆಂಡತಿ ಅರ್ಚನಾ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ಬಿಟ್ಟು ಬಿಟ್ಟು ಜ್ವರ. ದಾವಣಗೆರೆಗೂ ತೋರಿಸಿ ಬಂದಿದ್ದರು, ಔಷಧಿ ನಡೆದಿತ್ತು. ಬಡಾವಣೆಯಲ್ಲಿ ನೀರು ನಿಂತ ಸುದ್ದಿ ಬಂದ ಕಾಲಕ್ಕೇ ಮಗು ಮಲಗಿದ್ದು ಎಂದು ಅವಳ ಎಣಿಕೆ. ವೈದ್ಯರು ಏನಾದರೂ ಹೇಳಲಿ, ಅವಳ ಮನಸ್ಸಿನಲ್ಲಿ ಅದು ಕೂತುಬಿಟ್ಟಿತ್ತು.

ಕರಿಸಿದ್ದಪ್ಪ ತಾನು ಬಂದ ಕಾರಣ ಹೇಳುವ ಮೊದಲೇ ಅವಳು ಮಗುವನ್ನು ಅವನ ಕಾಲ ಬಳಿ ಮಲಗಿಸಿದಳು.

‘ಮಾವಾರ, ನೀರು ನಿಲ್ಲಿಸಿದ್ದು ಇವರಲ್ರಿ. ಇವರನ್ನ ಕೆಲಸದಿಂದ ತೆಗದ್ರು, ಇವರೇನು ಮಾಡ್ಯಾರು? ಮುಟ್ಟಿದ ಕೈ ಇವರದು ಅಂತ ಶಾಪ ನಮ್ಮ ಮನಿಗೆ ಬಂತು. ಬಿಟ್ಟೆ ಅನ್ರಿ. ನಿಮ್ಮ ಬಾಯಿಂದ ಬಿಟ್ಟೆ ಅಂದುಬಿಡ್ರಿ.’

ಬಿಡಿಸಿಕೊಳ್ಳಲು ಹೋದವನು ಬಿಡುಗಡೆ ಕೊಡಬೇಕಾಯಿತು. ಅರುಣಕುಮಾರ್ ಮಾತು ಕೊಟ್ಟಿದ್ದು ಕರಿಸಿದ್ದಪ್ಪನಿಗೆ, ಬಿಡುವ ಹಕ್ಕು ಕರಿಸಿದ್ದಪ್ಪನಿಗಿತ್ತು. ಬಿಟ್ಟರೆ ಬಡಾವಣೆಗೆ ಕೊಟ್ಟ ನೀರಿನ ಮಾತು ಈ ಭೂಮಿಯ ಮೇಲೆ ಯಾರ ಕೊರಳಿಗೂ ಉಳಿಯುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು. ಆದರೆ ಆ ಮಗುವಿನ ಹಣೆ ಕೆಂಡದಂತೆ ಸುಡುತ್ತಿತ್ತು. ಅಂಥ ಹಣೆ ಮುಟ್ಟಿದ ಮೇಲೆ ಲೆಕ್ಕಾಚಾರ ಮಾಡುವವನು ಮನುಷ್ಯನೇ? ಅವನು ಸಂಚಿ ಬಿಚ್ಚಿ, ಅರುಣಕುಮಾರ್‌ನ ಅಂಗೈಗೆ ಚಿಟಿಕೆ ಭಂಡಾರ ಇಟ್ಟು, ನಿನ್ನ ಮಾತು ನಿನಗೆ ತಿರುಗಿ ಕೊಟ್ಟೆ ಅಂದ. ಮಗುವಿಗೂ ಒಂದು ಬೊಟ್ಟಿಟ್ಟ, ಡಾಕ್ಟರ ಔಷಧಿ ತಪ್ಪಿಸಬೇಡಿ ಎಂದು ಹೇಳಿದ. ಅರ್ಚನಾ ಅತ್ತಳು.

ಆಮೇಲೆ ಅರುಣಕುಮಾರ್ ತಾನೇ ಕೇಳಿದ, ನಿಮ್ಮ ಆಣೆಯನ್ನು ನಾನು ಬಿಡಬಹುದೇ ಎಂದು. ಕರಿಸಿದ್ದಪ್ಪ ಸಂಚಿಯ ದಾರ ಕಟ್ಟಿದ. ಬಿಟ್ಟೆ ಅಂತ ಇವನು ಅಂದುಬಿಟ್ಟರೆ ಎಷ್ಟು ಹಗುರ.

‘ನಾ ಮಾತು ಕೊಟ್ಟದ್ದು ನಿನಗಲ್ಲ ತಮ್ಮಾ, ಕಂಪನಿಗೆ. ನಿನ್ನ ಕೈಯಾಗ ಈಗ ಕಂಪನಿ ಇಲ್ಲ.’

ಅವನು ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಸುಂಕಮ್ಮ ಅವನನ್ನು ಬೈಯಲಿಲ್ಲ. ಮಗು ಹೇಗಿದೆ ಎಂದಷ್ಟೇ ಕೇಳಿದಳು.

ವಿಚಾರಣೆಯ ದಿನ ಅದೇ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ಅಧಿಕಾರಿ ಒಳ್ಳೆಯ ಮನುಷ್ಯ, ಬಿಸಿಲಿನಲ್ಲಿ ಬಂದವರು ಕುಡಿಯಲು ನೀರು ಕೇಳಿದರು. ಕ್ರಾಂತಿ ಬಾಟಲಿ ನೀರು ತಂದುಕೊಟ್ಟ. ಯಾವ ಮನೆಯವರೂ ಒಂದು ಚೊಂಬು ನೀರು ತರಲು ಏಳಲಿಲ್ಲ, ಅದೇ ಸಾಕ್ಷಿಯಾಗಬೇಕಿತ್ತು. ಆದರೆ ಸಾಕ್ಷಿಯನ್ನು ಬಾಯಲ್ಲಿ ಹೇಳಬೇಕಂತೆ.

ಮೊದಲು ಎದ್ದವಳು ಶೈಲಾ, ಹಿಂದಿನ ಸಾಲಿನ ಮನೆಯಲ್ಲಿ ಬಾಡಿಗೆಗಿರುವ ಶಾಲೆಯ ಟೀಚರು. ಭಂಡಾರದ ಕಾಲಕ್ಕೆ ಅವಳು ಇಲ್ಲಿರಲಿಲ್ಲ, ಅವಳ ಹಣೆಗೆ ಯಾವ ಆಣೆಯೂ ಅಂಟಿರಲಿಲ್ಲ. ಟ್ಯಾಂಕರ್ ಹೋಗುವುದು, ನಲ್ಲಿ ಒಣಗುವುದು, ಸುಂಕಮ್ಮ ದಾರಿಯಲ್ಲಿ ಕೊಡ ಇಳಿಸಿ ಕೂರುವುದು, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಅಧಿಕಾರಿ ಮೆಚ್ಚಿಕೊಂಡೇ ಕೇಳಿದರು. ಕೇಳಿ, ನಿಯಮದಲ್ಲಿ ಮನೆಯ ಮಾಲೀಕರ ದೂರಿಗಷ್ಟೇ ಜಾಗವಿದೆ, ಬಾಡಿಗೆದಾರರ ಮಾತನ್ನು ದಾಖಲಿಸಲು ಬರುವುದಿಲ್ಲ ತಾಯಿ ಎಂದು ಬೇಸರದಿಂದ ಹೇಳಿದರು. ಮಾತಾಡಬಲ್ಲವಳ ಮಾತು ನಿಯಮಕ್ಕೆ ಬೇಡ. ನಿಯಮಕ್ಕೆ ಬೇಕಾದವರಿಗೆ ಮಾತಿಲ್ಲ. ಇಂಥ ಮೂಗುದಾರವನ್ನು ಯಾವ ಎತ್ತಿಗೆ ಹಾಕುವುದು ಹೇಳಿ.

ಅಧಿಕಾರಿ ಮಾಲೀಕರ ಕಡೆ ತಿರುಗಿದರು. ಹಿಂದಿನ ದಿನದವರೆಗೂ ಗುಡುಗಿದ್ದ ಕೊಟ್ರಸ್ವಾಮಿ ಎದ್ದ. ಎದುರಿಗೆ ಕರಿಸಿದ್ದಪ್ಪನ ಮುಷ್ಟಿಯಲ್ಲಿದ್ದ ಕೆಂಪು ಸಂಚಿ ಕಂಡಿತು. ಅವನ ಕೈ ತಾನಾಗಿಯೇ ಹಣೆಯ ವಿಭೂತಿಯ ನಡುವಿಗೆ ಹೋಯಿತು. ಬೆವರು ಒರೆಸಿಕೊಂಡವನ ಹಾಗೆ ಮಾಡಿ, ‘ಅಧ್ಯಕ್ಷರು ಹೇಳ್ತಾರ್ರಿ’ ಎಂದು ಕೂತುಬಿಟ್ಟ. ಅವನ ಪಕ್ಕದವನೂ ಅಧ್ಯಕ್ಷರು ಅಂದ. ಅವನ ಆಚೆಯವನೂ.

ಕರಿಸಿದ್ದಪ್ಪ ಎದ್ದು ನಿಂತ. ಹೆಂಗಸರ ಸಾಲಿನಲ್ಲಿ ಸುಂಕಮ್ಮ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಇವನನ್ನು ನೋಡಬಾರದೆಂದೇ ಅವಳು ನೆಲ ನೋಡುತ್ತಿದ್ದಳು. ಒಂದು ಮಾತು ಆಡಿದರೆ ನಾಳೆ ಅವಳ ಅಂಗಳಕ್ಕೆ ನೀರು.

‘ನಾ ಏನೂ ಹೇಳಂಗಿಲ್ರಿ ಸಾಹೇಬ್ರ.’

‘ಹೇಳಂಗಿಲ್ಲ ಅಂದ್ರ? ನೀರಿಗೆ ತೊಂದರೆ ಇಲ್ಲ ಅಂತ ಬರಕೊಳ್ಳಲೇನು?’

‘ಅದನ್ನೂ ನಾ ಹೇಳಂಗಿಲ್ರಿ. ಸುಳ್ಳಾಗತೈತಿ.’

ಅಧಿಕಾರಿ ಪೆನ್ನು ಕೆಳಗಿಟ್ಟರು. ಯಾರಾದರೂ ಹೆದರಿಸಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದ, ಅದು ನಿಜವೇ ಆಗಿತ್ತು. ಸುಳ್ಳನ್ನೂ ಹೇಳದೆ ನಿಜವನ್ನೂ ಹೇಳದೆ ನಿಂತವನಿಗೆ ಯಾವ ನಿಯಮದಲ್ಲೂ ಜಾಗ ಇರಲಿಲ್ಲ. ಕೊನೆಗೆ ಮಾಲೀಕರಿಂದ ದೂರಿಲ್ಲ ಎಂದು ಬರೆದುಕೊಂಡು ಅವರು ಜೀಪು ಹತ್ತಿದರು. ಕ್ರಾಂತಿ ಕರಿಸಿದ್ದಪ್ಪನಿಗೆ ಕೈಮುಗಿದು, ದೊಡ್ಡ ಮನಸ್ಸು ನಿಮ್ಮದು ಅಂದ.

ಜನ ಚದುರಿದ ಮೇಲೆ ಶೈಲಾ ಅವನ ಹತ್ತಿರ ಬಂದಳು. ಅವಳಿಗೆ ಸಿಟ್ಟಿತ್ತು, ಆದರೆ ದನಿ ಏರಿಸಲಿಲ್ಲ.

‘ದೇವರು ನಿಮ್ಮನ್ನಷ್ಟ ಹಿಡಕಂಡಾನೇನ್ರಿ ಯಜಮಾನ್ರ? ಅವರನ್ನ ಯಾಕ ಬಿಟ್ಟಾನ?’

ಕರಿಸಿದ್ದಪ್ಪ ಇದಕ್ಕೆ ಉತ್ತರ ಹುಡುಕಿದ. ಬಸ್ಸು ಓಡಿಸುತ್ತಿದ್ದಾಗ ಹಡಗಲಿ ದಾರಿಯಲ್ಲಿ ಬಿಡಿಸಿದ ಎಷ್ಟೋ ಜಗಳಗಳಲ್ಲಿ ಹುಡುಕಿದ. ಅಲ್ಲೆಲ್ಲ ಎರಡು ಕಡೆಯೂ ಮನುಷ್ಯರೇ ಇದ್ದರು. ಮನೆಯ ಕಡೆ ನಡೆದ.

ವಿಚಾರಣೆ ಮುಗಿಯುವವರೆಗೂ ಸಂಚಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ, ಬೆವರಿಗೆ ಬಟ್ಟೆ ನೆನೆದು ಅಂಗೈ ತುಂಬ ಅರಿಶಿನವಾಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಕೈ ಚಾಚಿಕೊಂಡೇ ನಿಂತಿದ್ದ. ಹಿಂದೆ ಸುಂಕಮ್ಮ ಬಂದು ನಿಂತಳು.

‘ಕೊಡದಾಗ ಕುಡಿಯಾಕಷ್ಟ ಐತ್ರಿ. ಒರೆಸಿಕೊಂಡು ಬಿಡ್ರಿ’ ಎಂದು ಸೆರಗು ಕೊಟ್ಟಳು.

ಅವನು ಒರೆಸಿಕೊಂಡ. ಸೆರಗು ಹಳದಿಯಾಯಿತು, ಕೈಯ ಬಣ್ಣ ಹೋಗಲಿಲ್ಲ.